ಹನ್ನೆರಡು ಚೀಲ ತೊಗರಿ ಮತ್ತು ನನ್ನ ನಗರ ಭತ್ಯೆ

ಬೆಂಗಳೂರಿನಲ್ಲಿ ನನ್ನ ಕೋಣೆ ಎಷ್ಟು ದೊಡ್ಡದಿತ್ತು ಎಂದು ನಮ್ಮ ಶಹಾಪುರದವರು ಕೇಳಿದಾಗಲೆಲ್ಲ ನಾನು ಸುಳ್ಳು ಹೇಳಿದ್ದೇನೆ. ಈಗ ಖರೆ ಹೇಳುತ್ತೇನೆ. ಮಂಚದ ನಡುವೆ ಕುಳಿತು ಬಲಗೈ ಚಾಚಿದರೆ ಗ್ಯಾಸ್ ಒಲೆ, ಎಡಗೈ ಚಾಚಿದರೆ ಬಚ್ಚಲ ಬಾಗಿಲು, ಕಾಲು ಚಾಚಿದರೆ ಗೋಡೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಅಂಥ ಕೋಣೆಯಲ್ಲಿ ಬಾಡಿಗೆಗೆ ಇದ್ದವರೇ ಇರಬೇಕು. ಮಾಲೀಕರು ಹತ್ತು ತಿಂಗಳ ಬಾಡಿಗೆ ಮುಂಗಡ ಇಸಿದುಕೊಂಡು, ಗೋಡೆಗೆ ಮೊಳೆ ಹೊಡೆಯಕೂಡದು ಎಂದು ಕರಾರಿನಲ್ಲಿ ಬರೆಸಿದ್ದರು. ಮೊಳೆ ಹೊಡೆಯುವಷ್ಟು ಗೋಡೆ ಎಲ್ಲಿದೆ ಎಂದು ನಾನೂ ಕೇಳಲಿಲ್ಲ.

ನನ್ನ ಕೆಲಸ ಮಕ್ಕಳ ಪಾಠದ ವಿಡಿಯೋಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುವುದು. ಆನ್‌ಲೈನಿನಲ್ಲಿ ಪಾಠ ಮಾರುವ ಒಂದು ಕಂಪನಿ. ಪರದೆಯ ಮೇಲೆ ಮೇಷ್ಟ್ರು ಕಪ್ಪೆಯ ಹೃದಯದಲ್ಲಿ ಮೂರು ಕೋಣೆಗಳಿವೆ ಎಂದು ಇಂಗ್ಲಿಷಿನಲ್ಲಿ ಹೇಳಿದರೆ, ಅವರ ಎದೆಯ ಕೆಳಗೆ ಅದೇ ಮಾತು ಕನ್ನಡದಲ್ಲಿ ಓಡಬೇಕು. ಅದನ್ನು ಬರೆದ ದಿನ ನನಗೆ ಚೆನ್ನಾಗಿ ನೆನಪಿದೆ. ಕಪ್ಪೆಗೆ ಮೂರು ಕೋಣೆ, ನನಗೆ ಒಂದೇ. ಅದೂ ಕಪ್ಪೆ ಬಾಡಿಗೆ ಕೊಡುವುದಿಲ್ಲ.

ಮೊದಲು ಆಫೀಸೆಂಬುದು ಇತ್ತು. ಅಲ್ಲಿ ಕುರ್ಚಿ, ತಣ್ಣನೆ ಗಾಳಿ, ದಿನಕ್ಕೆರಡು ಸಲ ಚಹಾ. ಆಮೇಲೆ ಕಂಪನಿಗೆ ಜ್ಞಾನೋದಯವಾಗಿ, ಕಟ್ಟಡ ಬಿಟ್ಟುಕೊಟ್ಟು, ಇನ್ನು ಮುಂದೆ ಎಲ್ಲರೂ ತಂತಮ್ಮ ಮನೆಯಿಂದ ಕೆಲಸ ಮಾಡತಕ್ಕದ್ದು ಎಂದಿತು. ಕಂಪನಿಯ ಬಾಡಿಗೆ ಉಳಿಯಿತು. ಫ್ಯಾನು, ಕರೆಂಟು, ಚಹಾ, ಇಂಟರ್‌ನೆಟ್ಟು ಎಲ್ಲವೂ ಬಿಲ್ಲಿನ ರೂಪ ತಾಳಿ ನನ್ನ ಕೋಣೆಗೆ ಬಂದವು. ಮಾಲೀಕರ ಹೆಂಡತಿ ಒಂದು ದಿನ ಮೆಟ್ಟಿಲ ಮೇಲೆ ನಿಲ್ಲಿಸಿ, ‘ಇಡೀ ದಿನ ಮನೇಲೇ ಇರ್ತೀರಲ್ಲ, ನೀರು ಜಾಸ್ತಿ ಹೋಗುತ್ತೆ’ ಎಂದು ಬಾಡಿಗೆ ಏರಿಸಿದರು. ಆಫೀಸಿಗೆ ಹೋಗುವಾಗ ನಾನು ಅಲ್ಲಿ ನೀರು ಕುಡಿಯುತ್ತಿದ್ದೆ, ಈಗ ಇಲ್ಲಿ ಕುಡಿಯುತ್ತೇನೆ, ಅದಕ್ಕೆ ದಂಡ. ಕೋಣೆಯಲ್ಲಿ ನೆಟ್ಟು ಕೈಕೊಟ್ಟ ದಿನ ಕಾಫಿ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಅಲ್ಲಿನ ಒಂದು ಲೋಟ ಕಾಫಿಯ ದುಡ್ಡಿನಲ್ಲಿ ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಬಸ್ಸಿಗೆ ಚಹಾ ಕುಡಿಸಬಹುದು. ಆದರೆ ಪಾಪ, ಇಂಟರ್‌ನೆಟ್ಟು ಫುಕಟ್ ಕೊಡುತ್ತಿದ್ದರು.

ಈ ಎಲ್ಲ ಸಂಕಟಕ್ಕೆ ಮುಲಾಮು ಎಂದು ಕಂಪನಿ ಪಗಾರದ ಜೊತೆ ನಗರ ಭತ್ಯೆ ಎಂಬುದನ್ನು ಕೊಡುತ್ತಿತ್ತು. ದುಬಾರಿ ಊರಿನಲ್ಲಿ ಇರುವವರಿಗೆ ಮಾತ್ರ. ನನ್ನ ಪಗಾರದಲ್ಲಿ ಮೂರನೇ ಒಂದು ಪಾಲು ಅದೇ ಆಗಿತ್ತು. ಅದು ನನ್ನ ಕೈಗೆ ಬಂದು, ಕೈ ಬಿಸಿಯಾಗುವ ಮೊದಲೇ ಮಾಲೀಕರ ಕೈಗೆ ಹೋಗುತ್ತಿತ್ತು. ಹದಿನಾಲ್ಕು ವರ್ಷ ಹೀಗೆ ಬೆಂಗಳೂರನ್ನು ಸಾಕಿದ ಮೇಲೆ, ನಲವತ್ತೊಂದನೇ ವಯಸ್ಸಿನಲ್ಲಿ, ನನಗೂ ಜ್ಞಾನೋದಯವಾಯಿತು. ನೋಡುವುದು ಒಂದು ಪರದೆ. ಆ ಪರದೆಯನ್ನು ಶಹಾಪುರದಲ್ಲಿ ಇಟ್ಟುಕೊಂಡು ನೋಡಿದರೆ ಕಪ್ಪೆಯ ಹೃದಯದಲ್ಲಿ ಒಂದು ಕೋಣೆ ಕಡಿಮೆಯಾಗುತ್ತದೆಯೇ? ಗಂಟುಮೂಟೆ ಕಟ್ಟಿ ಊರಿಗೆ ಬಂದೆ. ಕಂಪನಿಗೆ ಪತ್ರ ಬರೆದು ತಿಳಿಸಿಯೂ ಇದ್ದೆ. ಯಾರೂ ಓದಲಿಲ್ಲವೆಂದು ಕಾಣುತ್ತದೆ, ಭತ್ಯೆ ಬರುತ್ತಲೇ ಇತ್ತು.

ಊರಲ್ಲಿ ಇರುವುದು ದೊಡ್ಡವ್ವ. ನಾನು ಆರು ವರ್ಷದವಳಿದ್ದಾಗ ಅವ್ವ ಹೋದಳು, ಅವಳ ಅಕ್ಕ ನನ್ನನ್ನು ಬೆಳೆಸಿದಳು. ದೊಡ್ಡಪ್ಪ ಶಾಲೆಯಲ್ಲಿ ಜವಾನರಾಗಿದ್ದರು. ಈಗಿಲ್ಲ, ಅವರ ಪಿಂಚಣಿ ಇದೆ. ಎರಡೆಕರೆ ಹೊಲವಿತ್ತು, ಅವರ ದವಾಖಾನೆ ಖರ್ಚಿಗೆ ಮಾರಿ ವರ್ಷಗಳಾದವು. ದೊಡ್ಡವ್ವನ ತವರು ಸುರಪುರ. ಸುರಪುರದಲ್ಲಿ ಅರಸರಿದ್ದರು ಎಂಬುದನ್ನು ಆಕೆ ಮೊನ್ನೆ ಮೊನ್ನೆಯ ಸಂಗತಿಯಂತೆ, ಅದರಲ್ಲಿ ತನ್ನದೂ ಪಾಲಿದ್ದಂತೆ ಹೇಳುತ್ತಾಳೆ. ಆಕೆಯ ಸಂವಿಧಾನದಲ್ಲಿ ಒಂದೇ ಕಲಮು: ಬಂದವರ ಮುಂದೆ ‘ಇಲ್ಲ’ ಅನ್ನಬಾರದು. ಡಬ್ಬಿಯಲ್ಲಿ ಸಕ್ಕರೆ ಇಲ್ಲದಿದ್ದರೆ ಬಂದವರನ್ನು ಮಾತಿನಲ್ಲಿ ಕೂರಿಸಿ, ಹಿತ್ತಿಲ ಬಾಗಿಲಿಂದ ಮಗ್ಗುಲ ಮನೆಗೆ ಹೋಗಿ ತಂದು, ಅವರಿಗೆ ಎರಡು ಚಮಚ ಜಾಸ್ತಿಯೇ ಹಾಕುತ್ತಾಳೆ.

ಊರು ಅಗ್ಗ ಎಂದು ಹೇಳುವವರು ಒಂದು ಬೇಸಿಗೆ ಇಲ್ಲಿ ಕೂತು ಕೆಲಸ ಮಾಡಬೇಕು. ನಮ್ಮದು ಕಲ್ಲುಹಾಸಿನ ಮಾಳಿಗೆಯ ಮನೆ, ಏಪ್ರಿಲಿನಲ್ಲಿ ಅದರ ಮೇಲೆ ರೊಟ್ಟಿ ಬೇಯಿಸಬಹುದು. ಹಾಗಾಗಿ ಕೂಲರು. ಕೂಲರಿಗೆ ಕರೆಂಟು ಬೇಕು. ಕರೆಂಟು ದಿನಾ ಹನ್ನೊಂದು ಗಂಟೆಗೆ ಹೋಗುತ್ತದೆ, ಗಡಿಯಾರ ಬೇಕಿಲ್ಲ. ಹಾಗಾಗಿ ಇನ್ವರ್ಟರು. ಒಂದು ನೆಟ್ಟು ಸತ್ತರೆ ಇರಲಿ ಎಂದು ಇನ್ನೊಂದು ನೆಟ್ಟು. ಎರಡೂ ಜೊತೆಯಾಗಿ ಸತ್ತ ದಿನ ಟ್ಯಾಕ್ಸಿ ಮಾಡಿಕೊಂಡು ಯಾದಗಿರಿಗೆ ಓಡಿ, ಕಂಪ್ಯೂಟರ್ ಕಲಿಸುವವರ ಹತ್ತಿರ ಗಂಟೆಯ ಲೆಕ್ಕದಲ್ಲಿ ಮೇಜು. ನೀರಿನ ಟ್ಯಾಂಕರು ಬೇರೆ. ಇಷ್ಟರ ಮೇಲೆ, ನಾನು ಮನೆಯಲ್ಲಿದ್ದೇನೆ ಎಂದರೆ ಖಾಲಿ ಇದ್ದೇನೆ ಎಂದೇ ಓಣಿಯ ತೀರ್ಮಾನ.

‘ಕುಂತೇ ಇರ್ತೀದಿ, ಇದೊಂದು ಪಹಣಿ ತಗದು ಕೊಡವ್ವ,’ ಎಂದು ಒಬ್ಬರು. ‘ಮೊಬೈಲ್ ನೋಡಿದ್ರ ಪಗಾರ ಕೊಡ್ತಾರಂತ, ನಮ್ಮ ಸೊಸಿಗೂ ಹೇಳಿಕೊಡವ್ವ,’ ಎಂದು ಇನ್ನೊಬ್ಬರು. ಬೆಂಗಳೂರು ಪಗಾರದವಳು ಎಂಬ ಬಿರುದಿಗೆ ತಕ್ಕಂತೆ ಮದುವೆಯಲ್ಲಿ ಉಡುಗೊರೆ ಕೊಡುವ ಆಯೇರಿಯ ಸೀರೆಯೂ ಭಾರಿಯದೇ ಆಗಬೇಕು. ಭತ್ಯೆ ಅಲ್ಲಿ ಮಾಲೀಕರ ಹೊಟ್ಟೆಗೆ ಹೋಗುತ್ತಿತ್ತು, ಇಲ್ಲಿ ಹತ್ತು ದಿಕ್ಕಿಗೆ ಹೋಗುತ್ತಿತ್ತು, ಅಷ್ಟೇ ಫರಕು.

ಆದರೂ ಒಂದು ಮಾತು. ಬೆಳಿಗ್ಗೆ ದೊಡ್ಡವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎದ್ದು, ಬಾಗಿಲು ತೆಗೆದರೆ ಗೋಡೆಯ ಬದಲು ಗುಡ್ಡ ಕಾಣುವ ಮನೆಯಲ್ಲಿ ಕೆಲಸಕ್ಕೆ ಕೂರುವುದು ನನಗೆ ಬಹಳ ಹಿಡಿಸಿತ್ತು. ಹದಿನಾಲ್ಕು ವರ್ಷದಲ್ಲಿ ಯಾರೂ ನನ್ನನ್ನು ‘ಉಂಡಿ ಏನು?’ ಎಂದು ಕೇಳಿರಲಿಲ್ಲ. ಇಲ್ಲಿ ದಿನಕ್ಕೆ ಆರು ಸಲ ಕೇಳುತ್ತಾರೆ, ಅದರಲ್ಲಿ ಮೂರು ಸಲ ಮೀಟಿಂಗಿನ ನಡುವೆ. ಬೈದುಕೊಳ್ಳುತ್ತೇನೆ, ಆದರೆ ಬಿಟ್ಟು ಹೋಗುವ ಮನಸ್ಸಿಲ್ಲ.

ಎರಡು ವರ್ಷ ಕಳೆದ ಮೇಲೆ, ನನ್ನ ಪತ್ರವನ್ನು ಕಂಪನಿಯಲ್ಲಿ ಯಾರೋ ಓದಿಬಿಟ್ಟರು. ಹೊರ ಊರುಗಳಲ್ಲಿ ಕೂತಿರುವವರಿಗೆ ದುಬಾರಿ ನಗರದ ಭತ್ಯೆ ಯಾಕೆ ಎಂಬ ಪ್ರಶ್ನೆ ಎದ್ದಿತು. ಕಂಪನಿ ದಯಾಳು. ಒಂದೇ ಏಟಿಗೆ ಕತ್ತರಿಸದೆ, ಒಬ್ಬ ಅಧಿಕಾರಿಯನ್ನು ಕಲಬುರಗಿ, ರಾಯಚೂರು, ಯಾದಗಿರಿ ಕಡೆಯ ನಮ್ಮಂಥವರ ಮನೆಮನೆಗೆ ಕಳಿಸಿ, ಅಲ್ಲಿ ಕೆಲಸ ಮಾಡಲು ನಿಜವಾಗಿ ಎಷ್ಟು ಖರ್ಚು ಬರುತ್ತದೆ ನೋಡಿಕೊಂಡು ಬರಲು ಹೇಳಿತು. ಖರ್ಚು ಇದೆ ಎಂದಾದರೆ ಭತ್ಯೆ ಮುಂದುವರಿಯುತ್ತದೆ. ಇಲ್ಲ ಎಂದಾದರೆ, ಒಂದೋ ಬೆಂಗಳೂರಿಗೆ ವಾಪಸು ಬಂದು ಪೂರ್ತಿ ಪಗಾರ, ಇಲ್ಲವೇ ಊರಲ್ಲೇ ಇದ್ದು ಮೂರನೇ ಒಂದು ಪಾಲು ಕಡಿತ. ಖರ್ಚು ಉಳಿಸುವ ಈ ಯಾತ್ರೆಗೆ ಅಧಿಕಾರಿಗೆ ರೈಲು, ಕಾರು, ಲಾಡ್ಜು ಎಲ್ಲ ಕಂಪನಿಯ ಖರ್ಚು.

ನನಗೆ ಧೈರ್ಯವಿತ್ತು. ಖರ್ಚು ಇರುವುದು ಖರೆ, ತೋರಿಸಿದರಾಯಿತು. ಇನ್ವರ್ಟರು, ಕೂಲರು, ಎರಡು ನೆಟ್ಟು, ಟ್ಯಾಂಕರು, ಯಾದಗಿರಿಯ ಮೇಜು, ಎಲ್ಲ ಬಿಲ್ಲುಗಳನ್ನು ಹೊಂದಿಸಿ ಒಂದು ಹಸಿರು ಫೈಲು ಮಾಡಿದೆ. ಅಧಿಕಾರಿಯನ್ನು ಹನ್ನೊಂದಕ್ಕೆ ಮುಂಚೆ ಮನೆಗೆ ಕರೆತಂದು ಕೂರಿಸುವುದು, ಹನ್ನೊಂದಕ್ಕೆ ಸರಿಯಾಗಿ ಕರೆಂಟು ಹೋಗುವುದು, ಇನ್ವರ್ಟರು ಆರಿಸಿಟ್ಟ ಕೋಣೆಯಲ್ಲಿ ಅವರು ಬೆವರುವುದು, ನಾನು ಫೈಲು ಮುಂದೆ ಇಡುವುದು. ನಾಟಕದ ಕಂಪನಿಯವರೂ ಇಷ್ಟು ಚೆನ್ನಾಗಿ ತಾಲೀಮು ಮಾಡಿರಲಿಕ್ಕಿಲ್ಲ.

ದೊಡ್ಡವ್ವನಿಗೆ ಭತ್ಯೆಯ ಸಂಗತಿ ಮಾತ್ರ ನಾನು ಹೇಳಿರಲಿಲ್ಲ. ಹೇಳಿದರೆ, ‘ನನ್ನ ಸಲುವಾಗಿ ಪಗಾರ ಕಳಕೋತೀಯೇನು?’ ಎಂದು ಆವತ್ತೇ ನನ್ನ ಗಂಟು ಕಟ್ಟಿ ಬಸ್ಸಿನಲ್ಲಿ ಇಡುವ ಹೆಂಗಸು ಅವಳು. ಹಾಗಾಗಿ ಇಷ್ಟೇ ಹೇಳಿದ್ದೆ: ‘ಬೆಂಗಳೂರಿಂದ ನಮ್ಮ ಸಾಹೇಬ್ರು ಬರ್ತಾರ. ನಾ ಇಲ್ಲಿ ಹ್ಯಾಂಗದೀನಿ ನೋಡ್ತಾರ. ನೋಡಿ, ನಾ ಇಲ್ಲೇ ಇರಬೇಕೋ, ವಾಪಸ್ ಬೆಂಗಳೂರಿಗೆ ಹೋಗಬೇಕೋ ಹೇಳ್ತಾರ.’

ದೊಡ್ಡವ್ವ ಹಸನು ಮಾಡುತ್ತಿದ್ದ ಜೋಳದ ಮೊರವನ್ನು ಕೆಳಗಿಟ್ಟಳು. ‘ಯಾವತ್ತು ಬರ್ತಾನ?’

‘ಸೋಮವಾರ.’

‘ಬರ್ಲಿ,’ ಎಂದಳು. ಆ ‘ಬರ್ಲಿ’ಯ ಧಾಟಿಗೆ ನಾನು ಆವತ್ತೇ ಅಂಜಬೇಕಿತ್ತು.

ಸೋಮವಾರ ನಸುಕಿನಲ್ಲಿ ಕಾರು ಮಾಡಿಕೊಂಡು ಯಾದಗಿರಿ ಸ್ಟೇಷನ್ನಿಗೆ ಹೋದೆ. ಅಧಿಕಾರಿ ರೈಲಿಂದ ಇಳಿದರು. ಮೂವತ್ತು ದಾಟದ ಹುಡುಗ, ಒಳ್ಳೆಯ ಶೂ, ಬಹಳ ಮರ್ಯಾದೆ. ಭೀಮಾ ಸೇತುವೆ ದಾಟುವಾಗಿನಿಂದ ನಾನು ಶುರುಮಾಡಿದೆ: ಇಲ್ಲಿ ನೆಟ್‌ವರ್ಕ್ ಬಹಳ ತೊಂದರೆ ಸರ್. ಅವರು ಮೊಬೈಲು ನೋಡಿಕೊಂಡು, ‘ಫುಲ್ ಇದೆ ಮೇಡಂ, ನಮ್ಮ ಏರಿಯಾಗಿಂತ ಚೆನ್ನಾಗಿದೆ,’ ಎಂದರು. ಇರಲಿ, ಹನ್ನೊಂದು ಗಂಟೆಗೆ ನೋಡಿಕೊಳ್ಳೋಣ ಎಂದು ಸುಮ್ಮನಾದೆ.

ನಮ್ಮ ಓಣಿಗೆ ಕಾರು ತಿರುಗಿದಾಗ, ನಮ್ಮ ಮನೆಯ ಮುಂದೆ ಒಂದು ಎಮ್ಮೆ ಕಟ್ಟಿತ್ತು.

ನಮಗೆ ಎಮ್ಮೆ ಇಲ್ಲ. ಮಗ್ಗುಲ ಮನೆಯವರಿಗೆ ಇದೆ. ಅದರ ಕೊಂಬಿಗೆ ಎಣ್ಣೆ ಹಚ್ಚಿತ್ತು, ಕೊರಳಲ್ಲಿ ಗಂಟೆ. ಪಕ್ಕದಲ್ಲಿ ಕರು. ಬಾಗಿಲಿಗೆ ಮಾವಿನ ತೋರಣ. ಹೊಸ್ತಿಲ ಮೇಲೆ ದೊಡ್ಡವ್ವ, ಪೆಟ್ಟಿಗೆಯ ತಳದ ಇಳಕಲ್ ಸೀರೆ ಉಟ್ಟು, ತಾಮ್ರದ ಚೊಂಬಿನಲ್ಲಿ ಕಾಲಿಗೆ ನೀರು ಹಿಡಿದು ನಿಂತಿದ್ದಳು. ‘ಬರ್ರಿ ಸಾಹೇಬ್ರ, ಬರ್ರಿ. ಬಿಸಿಲಾಗ ಬಂದೀರಿ. ಒಳಗ ತಂಪದ, ಬರ್ರಿ.’

ಒಳಗೆ ಹೋದೆ. ನನ್ನ ಕೆಲಸದ ಕೋಣೆಯಲ್ಲಿ ಗೋಡೆಯ ಉದ್ದಕ್ಕೂ, ನೆಲದಿಂದ ಎದೆಯ ಮಟ್ಟಕ್ಕೆ, ತೊಗರಿಯ ಚೀಲಗಳು. ಎಣಿಸಿದೆ, ಹನ್ನೆರಡು. ರೇಟು ಏರಲಿ ಎಂದು ಮಗ್ಗುಲ ಮನೆಯವರು ಸುಗ್ಗಿಯಿಂದ ಕಾದಿಟ್ಟ ಮಾಲು. ನಾನು ಅತ್ತ ಯಾದಗಿರಿಗೆ ಹೋದದ್ದೇ ತಡ, ಇತ್ತ ದೊಡ್ಡವ್ವ ಹಮಾಲರನ್ನು ಕರೆಸಿ ಹೊರಿಸಿದ್ದಳು. ಇನ್ವರ್ಟರು ಚೀಲಗಳ ಹಿಂದೆ. ಕೂಲರಿನ ಮೇಲೆ ಕೌದಿ. ಎರಡು ನೆಟ್ಟಿನ ಡಬ್ಬಿಗಳ ಮುಂದೆ ಓಣಿಯ ಯಾರ್ಯಾರದೋ ಹಿತ್ತಾಳೆ ಹಂಡೆ, ಕೊಪ್ಪರಿಗೆ. ನನ್ನ ಹಸಿರು ಫೈಲು ಮೇಜಿನ ಮೇಲೆ ಇರಲಿಲ್ಲ.

ಆಗ ತಿಳಿಯಿತು. ನಮ್ಮ ಕಡೆ ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವ ರೂಢಿ ಉಂಟು. ನಮ್ಮ ಹುಡುಗಿ ಈ ಮನೆಯಲ್ಲಿ ಸುಖವಾಗಿ ಇರುತ್ತಾಳೆಯೇ ಎಂದು ನೋಡಿ ನಿರ್ಧರಿಸಲು ಬರುವುದು. ಆ ದಿನ ಓಣಿಗೆ ಓಣಿಯೇ ಒಂದಾಗುತ್ತದೆ. ಒಬ್ಬರ ಚೀಲ, ಒಬ್ಬರ ಎಮ್ಮೆ, ಒಬ್ಬರ ಹಂಡೆ, ಎಲ್ಲ ಆ ಮನೆಗೆ ಬಂದು ಕೂರುತ್ತವೆ. ನೋಡಲು ಬಂದವರಿಗೂ ಅದು ಗೊತ್ತು, ಅವರ ಮನೆಯಲ್ಲೂ ಹಾಗೇ ಮಾಡಿರುತ್ತಾರೆ. ಗೊತ್ತಿಲ್ಲದೆ ನಂಬಿದವನು ನಮ್ಮ ಅಧಿಕಾರಿ ಒಬ್ಬನೇ.

‘ಫೈಲ್ ಎಲ್ಲಿ?’ ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದೆ.

‘ಯಾವುದು, ಆ ಬಿಲ್ಲಿನ ಕಾಗದಾ? ಚೀಲದ ಬುಡಕ ಹಾಕೀನಿ. ಬಂದವರ ಮುಂದ ಬಿಲ್ಲು ಇಡ್ತಾರೇನ ಹುಚ್ಚಿ, ಇಜ್ಜತ್ ಏನಾಗಬೇಕು!’

ಆಮೇಲೆ ನಡೆದದ್ದನ್ನು ನಾನು ಕುರ್ಚಿಯ ತುದಿಯಲ್ಲಿ ಕೂತು, ಪರದೆಯ ಮೇಲಿನ ಮೇಷ್ಟ್ರು ಏನೇ ಹೇಳಿದರೂ ಅಡಿಬರಹ ಬದಲಿಸಲಾಗದವಳಂತೆ, ಸುಮ್ಮನೆ ನೋಡಿದೆ. ಅಧಿಕಾರಿ ನೋಟ್‌ಬುಕ್ ತೆಗೆದರು.

‘ಅಮ್ಮ, ಇಲ್ಲಿ ಬಾಡಿಗೆ ಎಷ್ಟು ಬರುತ್ತೆ?’

‘ಬಾಡಿಗಿ? ನಮ್ಮ ಮಾವನವರು ಕಟ್ಟಿಸಿದ ಮನಿ ರೀ. ಯಾರಿಗೆ ಕೊಡೋಣು ಬಾಡಿಗಿ?’

‘ದಿನಸಿ?’

‘ತೊಗರಿ ನೋಡ್ರಲ್ಲ, ಕಣ್ಣ ಮುಂದ ಅದ. ಜೋಳ ಮ್ಯಾಲ ಅದ. ಹೈನ ಬಾಗಿಲಾಗ ಅದ. ಏನು ತರೋದು ಅದ ಅಂಗಡಿಯಿಂದ? ಉಪ್ಪೊಂದು.’

‘ನೀರು?’

‘ಹಿತ್ತಲಾಗ ಬಾವಿ ಅದಲ್ರಿ.’

ಬಾವಿ ಇರುವುದು ಖರೆ. ಅದರಲ್ಲಿ ನೀರು ಕಂಡು ನಾಲ್ಕು ಬೇಸಿಗೆಯಾಗಿತ್ತು. ಮೇಲೆ ಹಲಗೆ ಮುಚ್ಚಿ ಅದರ ಮೇಲೆ ಹಪ್ಪಳ ಒಣಗಿಸುತ್ತೇವೆ. ನಾನು ಬಾಯಿ ತೆರೆದೆ: ‘ಸರ್, ಇಲ್ಲಿ ಕರೆಂಟು ಬಹಳ ಹೋಗುತ್ತದೆ.’

ದೊಡ್ಡವ್ವ ತಿರುಗುತ್ತಿದ್ದ ಫ್ಯಾನಿನ ಕಡೆ ಬೊಟ್ಟು ಮಾಡಿದಳು. ‘ಎಲ್ಲಿ ಹೋಗ್ಯದವ್ವ? ಇಲ್ಲೇ ಅದಲ್ಲ!’

ಗಡಿಯಾರ ನೋಡಿದೆ, ಹನ್ನೊಂದೂ ಹತ್ತು. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪದೆ ಹನ್ನೊಂದಕ್ಕೆ ಹೋಗುತ್ತಿದ್ದ ಕರೆಂಟು ಆ ಸೋಮವಾರ ಹೋಗಲಿಲ್ಲ. ಸಂಜೆವರೆಗೂ ಹೋಗಲಿಲ್ಲ. ವಿದ್ಯುತ್ತಿಗೂ ಬಂದವರ ಮುಂದೆ ಇಲ್ಲ ಅನ್ನಬಾರದು ಎಂಬ ಕಲಮು ತಿಳಿದಿತ್ತೆಂದು ಕಾಣುತ್ತದೆ.

ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಚಟ್ನಿಪುಡಿಯಂಥ ಶೇಂಗಾ ಹಿಂಡಿ, ಕೆನೆ ಮೊಸರು, ಹೋಳಿಗೆ, ಹೋಳಿಗೆ ಮುಳುಗುವಷ್ಟು ತುಪ್ಪ. ಹುಡುಗ ನಾಲ್ಕನೇ ರೊಟ್ಟಿಗೆ ಕೈ ಅಡ್ಡ ಹಿಡಿದರೆ ದೊಡ್ಡವ್ವ ಬೆರಳ ಸಂದಿಯಿಂದ ಹಾಕಿದಳು. ‘ಉಣ್ರಿ, ನಾಚಬ್ಯಾಡ್ರಿ. ಆ ಊರಾಗ ಏನು ಉಣ್ತೀರೋ ಏನೋ, ಸೊರಗೀರಿ.’ ಅಧಿಕಾರಿ ಉಂಡು, ಬೆವರೊರೆಸಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ‘ಮೇಡಂ, ನೀವು ಎಷ್ಟು ಲಕ್ಕಿ. ನಾನು ತಿಂಗಳಿಗೆ ಊಟಕ್ಕೇ ಎಷ್ಟು ಸುರಿತೀನಿ ಗೊತ್ತಾ? ಇಲ್ಲಿ ಖರ್ಚೇ ಇಲ್ವಲ್ಲ!’ ಎಂದರು. ನೋಟ್‌ಬುಕ್ಕಿನಲ್ಲಿ ಏನೋ ಬರೆದು ಕೆಳಗೆ ಎರಡು ಗೆರೆ ಎಳೆದರು. ನನ್ನ ಮೂರನೇ ಒಂದು ಪಾಲಿನ ಮೇಲೆ ಆ ಗೆರೆ ಬಿದ್ದದ್ದು ನನಗೆ ಕಂಡಿತು.

ಹೊರಡುವಾಗ ಎಮ್ಮೆಯ ಜೊತೆ ಫೋಟೋ ತೆಗೆಸಿಕೊಂಡರು. ಎಮ್ಮೆ ಮಾತ್ರ ಪ್ರಾಮಾಣಿಕ, ದೊಡ್ಡವ್ವ ಹತ್ತಿರ ಹೋದರೆ ಯಾರೀಕೆ ಎಂಬಂತೆ ಕೊಂಬು ಆಡಿಸಿತು. ದೊಡ್ಡವ್ವ ಕಾರಿನಲ್ಲಿ ಐದು ಕಿಲೋ ತೊಗರಿಬೇಳೆ, ಒಂದು ಗಂಟು ಖಡಕ್ ರೊಟ್ಟಿ, ಹಿಂಡಿಯ ಡಬ್ಬಿ ಇಟ್ಟಳು. ಬೇಳೆಯನ್ನು ನಾನೇ ಹಿಂದಿನ ವಾರ ಕಿರಾಣಿ ಅಂಗಡಿಯಿಂದ ತಂದಿದ್ದೆ. ‘ನಮ್ಮ ಹೊಲದ್ದು ರೀ,’ ಎಂದಳು, ಇಲ್ಲದ ಹೊಲದ ಕಡೆಗೆ ಕೈ ತೋರಿಸಿ.

ಕಾರು ಓಣಿ ದಾಟಿದ ಮೇಲೆ ನನ್ನ ಸಿಟ್ಟು ನೆತ್ತಿಗೇರಿತು. ಹಮಾಲರು ಚೀಲ ವಾಪಸು ಹೊರಲು ಬಂದಿದ್ದರು. ಅವರ ಕೂಲಿಯೂ ನಾನೇ ಕೊಡಬೇಕಿತ್ತು, ಹೋಗಲು ಒಮ್ಮೆ, ಬರಲು ಒಮ್ಮೆ. ಮಗ್ಗುಲ ಮನೆಯ ಅಕ್ಕ ಬಾಗಿಲಲ್ಲಿ ನಿಂತು ಚೀಲ ಎಣಿಸಿಕೊಳ್ಳುತ್ತ, ‘ಹ್ಯಾಂಗಾತ್ರಿ ಅಕ್ಕಾವ್ರ, ಒಪ್ಪಿದ್ರೇನು?’ ಎಂದು ಕೇಳುತ್ತಿದ್ದಳು. ಕೊನೆಯ ಚೀಲ ಎತ್ತಿದಾಗ ಅದರ ಬುಡದಲ್ಲಿ ನನ್ನ ಹಸಿರು ಫೈಲು, ರೊಟ್ಟಿಯಷ್ಟು ತೆಳ್ಳಗಾಗಿ.

ಎಲ್ಲರೂ ಹೋದ ಮೇಲೆ ನಾನು ಕೂಗಾಡಿದೆ. ‘ಬೆಂಕಿ ಹಚ್ಚು ನಿನ್ನ ಇಜ್ಜತಿಗೆ! ಯಾಕ ಹಿಂಗ ಮಾಡಿದಿ? ಇಲ್ಲಿ ಕರೆಂಟಿಲ್ಲ, ನೀರಿಲ್ಲ, ಬಾಳ ಕಷ್ಟ ಅದ ಅಂತ ಒಂದು ಮಾತು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?’

ದೊಡ್ಡವ್ವ ಇಳಕಲ್ ಸೀರೆಯನ್ನು ಮಡಚುತ್ತಿದ್ದಳು. ಮಡಚಿ ಮುಗಿಸಿ ಪೆಟ್ಟಿಗೆಯ ತಳದಲ್ಲಿಟ್ಟಳು.

‘ನೀ ಏನು ಹೇಳಿದ್ದಿ ನನಗ?’ ಎಂದಳು. ‘ಅಂವ ಬಂದು ನೋಡ್ತಾನ, ಇಲ್ಲಿರಬೇಕೋ ಅಲ್ಲಿಗೆ ಬರಬೇಕೋ ಹೇಳ್ತಾನ ಅಂದಿಲ್ಲ? ಕರೆಂಟಿಲ್ಲ, ನೀರಿಲ್ಲ ಅಂದ್ರ ಯಾವ ಸಾಹೇಬ ತನ್ನ ಮಂದೀನ ಇಲ್ಲಿ ಬಿಡ್ತಾನ? ನಡಿಯವ್ವ ಬೆಂಗಳೂರಿಗೆ ಅಂತ ಕರ್ಕೊಂಡೇ ಹೋಗ್ತಿದ್ದ. ಹದಿನಾಲ್ಕು ವರ್ಷ ಆ ಊರು ನಿನ್ನ ಇಟ್ಕೊಂಡಿತ್ತು. ನಾ ಏನರ ಅಂದ್ನೇನು? ಒಂದು ದಿನಾನೂ ಅನ್ಲಿಲ್ಲ. ಈಗ ಬಂದೀದಿ. ಇನ್ನೊಮ್ಮೆ ಕಳಸಾಕ ನನ್ನ ಕಡಿಂದ ಆಗಂಗಿಲ್ಲ ಮಗಳ.’

ನಾವಿಬ್ಬರೂ ಒಂದೇ ಸಂಗತಿಗಾಗಿ, ಒಂದೇ ಮನೆಯಲ್ಲಿ, ಎದುರುಬದುರಾಗಿ ನಿಂತು ಹಗ್ಗ ಜಗ್ಗಿದ್ದೆವು. ಆಕೆ ಗೆದ್ದಿದ್ದಳು.

ಹದಿನೈದು ದಿನಕ್ಕೆ ಕಂಪನಿಯ ಪತ್ರ ಬಂತು. ತಮ್ಮ ಮನೆಯ ಸಮೃದ್ಧಿಯನ್ನು ಕಂಡು ಸಂತೋಷವಾಯಿತು ಎಂದು ಮೊದಲ ಸಾಲು. ಅಂಥ ಜೀವನಕ್ಕೆ ನಗರ ಭತ್ಯೆಯ ಅಗತ್ಯ ಕಾಣುವುದಿಲ್ಲ ಎಂದು ಎರಡನೆಯದು. ಕೆಳಗೆ ಎರಡು ಚೌಕ: ಬೆಂಗಳೂರಿಗೆ ವಾಪಸು, ಪೂರ್ತಿ ಪಗಾರ. ಈಗಿರುವ ಊರಲ್ಲೇ ಮುಂದುವರಿಕೆ, ಕಡಿತದ ಪಗಾರ. ಯಾವುದಾದರೂ ಒಂದಕ್ಕೆ ಗುರುತು ಹಾಕಿ ಎಂದಿತ್ತು. ಬೆಂಗಳೂರಿನ ಮಂಚ, ಒಲೆ, ಬಚ್ಚಲ ಬಾಗಿಲು ನೆನಪಾದವು. ಮಾಲೀಕರ ಹೆಂಡತಿಯ ನೀರೂ ನೆನಪಾಯಿತು. ಅಲ್ಲಿಗೆ ಹೋದರೆ ಭತ್ಯೆ ನನ್ನದಲ್ಲ, ಅವರದು. ಎರಡನೇ ಚೌಕಕ್ಕೆ ಗುರುತು ಹಾಕಿ ಕಳಿಸಿದೆ. ಎರಡನೇ ಯೋಚನೆಯಿಲ್ಲದೆ ಹಾಕಿದೆ ಎಂದು ಬರೆದರೆ ಅದೂ ಎರವಲು ತಂದ ಒಂದು ಚೀಲ ತೊಗರಿಯಾದೀತು.

‘ಏನಂತ ಬರದಾನ?’ ಎಂದು ದೊಡ್ಡವ್ವ ಕೇಳಿದಳು.

‘ಇಲ್ಲೇ ಇರು ಅಂದಾನ.’

‘ನಾ ಹೇಳಿದ್ದಿಲ್ಲ? ತಿಂಥಣಿ ಮೌನೇಶ್ವರಗ ಕಾಯಿ ಬೇಡಿಕೊಂಡಿದ್ದೆ.’ ಸೆರಗು ಕೊಡವಿ ಮಗ್ಗುಲ ಮನೆಗೆ ಸುದ್ದಿ ಹೇಳಲು ಹೋದಳು. ಸಂಜೆಯೊಳಗೆ ಎಮ್ಮೆಯ ಕರುವಿಗೂ ಗೊತ್ತಾಗಿತ್ತು.

ಕಡಿತದ ಪಗಾರ ಕೈಗೆ ಬಂದ ತಿಂಗಳು ಎರಡನೇ ನೆಟ್ಟು ತೆಗೆಸಿದೆ. ಕೂಲರನ್ನು ಮೀಟಿಂಗಿಗೆ ಮಾತ್ರ ಹಚ್ಚುವುದು ಎಂದು ನೇಮ ಮಾಡಿಕೊಂಡೆ. ಒಂದು ಮದುವೆಗೆ ಹೊಟ್ಟೆನೋವು ತರಿಸಿಕೊಂಡು ಆಯೇರಿಯ ಸೀರೆ ಉಳಿಸಿದೆ. ದೊಡ್ಡವ್ವನಿಗೆ ಏನೂ ಹೇಳಲಿಲ್ಲ. ಕೇಳಿದರೆ, ನೆಟ್ಟು ಒಂದೇ ಸಾಕು, ಈಗ ಸುಧಾರಿಸಿದೆ ಎಂದೆ. ಕೂಲರಿನಿಂದ ಮೈಕೈ ಹಿಡಿಯುತ್ತದೆ ಎಂದೆ. ಅಧಿಕಾರಿ ನಡುವೆ ಒಮ್ಮೆ ಫೋನು ಮಾಡಿ, ಆ ಶೇಂಗಾ ಹಿಂಡಿ ಇನ್ನೊಂದು ಡಬ್ಬಿ ಸಿಗುತ್ತದಾ ಮೇಡಂ ಎಂದು ಕೇಳಿದರು. ಕಳಿಸಿದೆ, ಅಂಚೆ ಖರ್ಚು ನನ್ನದು.

ಹರಕೆ ತೀರಿಸಲು ಒಂದು ಭಾನುವಾರ ಸುರಪುರದ ಬಸ್ಸು ಹಿಡಿದು, ಅಲ್ಲಿಂದ ತಿಂಥಣಿಗೆ ಹೋದೆವು. ಕಾಯಿ ಒಡೆಸಿಕೊಂಡು ಬಂದು ಕೃಷ್ಣೆಯ ದಂಡೆಯ ಮೆಟ್ಟಿಲ ಮೇಲೆ ಕೂತೆವು. ದೊಡ್ಡವ್ವ ಕೊಬ್ಬರಿ ಬಿಡಿಸುತ್ತ, ನೀರಿನ ಕಡೆ ನೋಡುತ್ತಲೇ ಕೇಳಿದಳು.

‘ಪಗಾರ ಎಷ್ಟು ಕಡಿಮಿ ಮಾಡ್ಯಾನ?’

ನಾನು ಅವಳ ಕಡೆ ತಿರುಗಿದೆ. ‘ಯಾರು ಹೇಳಿದ್ರು ನಿನಗ?’

‘ಯಾರು ಹೇಳಬೇಕು? ಆ ಎರಡನೇ ಡಬ್ಬಿ ದೀಪ ಹತ್ತವಲ್ದು. ಧಗಿಯಾಗ ಬೆವರು ಸುರಿಸ್ಕೋತ ಕುಂದರ್ತೀದಿ. ಹೊಟ್ಟಿಬ್ಯಾನಿ ಅಂತ ಮಲಗಿದಾಕಿ ಆರು ಭಜಿ ತಿಂದಿ. ನಾ ಏನು ಕುರುಡಿ ಏನು?’

‘ನೀ ಬಂದವರ ಮುಂದ ಇಲ್ಲ ಅನ್ನಬಾರ್ದು ಅಂತೀದಿ. ನಾನೂ ಅನ್ಲಿಲ್ಲ.’

‘ಬಂದವರ ಮುಂದ ಅನ್ನಬಾರ್ದು ಅಂದೀನಿ,’ ಎಂದು ದೊಡ್ಡವ್ವ ಕೊಬ್ಬರಿಯ ಚೂರು ನನ್ನ ಕೈಯಲ್ಲಿಟ್ಟಳು. ‘ನಾ ಯಾವಾಗ ಬಂದೀನಿ ನಿನ್ನ ಮನಿಗೆ?’

ಹೇಳಿದೆ. ಮೂರನೇ ಒಂದು ಪಾಲು ಎಂದೆ. ದುಬಾರಿ ಊರಿನ ಭತ್ಯೆ, ಹಸಿರು ಫೈಲು, ಎರಡು ಚೌಕ, ಎಲ್ಲ ಹೇಳಿದೆ. ಆಕೆ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು, ಬಿಡಿಸಿದಳು, ಮತ್ತೆ ಮಡಚಿದಳು.

‘ಅಷ್ಟ ಹೌದಿಲ್ಲ? ನಾ ಅರ್ಧಾನ ಹೋಗ್ಯದ ಅಂತ ಅಂಜಿದ್ದೆ,’ ಎಂದಳು. ‘ನಡಿ, ಬಸ್ ಹೋದೀತು. ನಾಳಿಂದ ಕೂಲರ್ ಹಚ್ಚಿಕೊಂಡು ಕುಂದರು. ಅದರ ಬಿಲ್ಲು ನಿಮ್ಮ ದೊಡ್ಡಪ್ಪನ ಪಿಂಚಣಿ ಕಟ್ತದ.’